ಗಡಿಯ ಗುಡುಗು, ಹಾಸನದ ಮತ



ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ಒಂದು ಬಗೆ ಹೀಗಿದೆ: ಅಂಗಿಯ ಗುಂಡಿಯಷ್ಟು ಸಣ್ಣ ಬಿಲ್ಲೆ, ಒಂದು ಮುಖದಲ್ಲಿ ಸಿಂಹ, ಇನ್ನೊಂದು ಮುಖದಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ತಳಕಾಡುಗೊಂಡ’. ದೊರೆಯ ಹೆಸರು ಹಾಕುವ ಗೋಜಿಗೇ ಹೋಗಿಲ್ಲ. ತಲಕಾಡನ್ನು ಗೆದ್ದವನು ಎಂದರೆ ಸಾಕು, ಯಾರೆಂದು ನಾಡಿಗೆಲ್ಲ ಗೊತ್ತು. ಚೋಳರ ಕೈಯಿಂದ ತಲಕಾಡು ಹೋದದ್ದು 1116ರ ಸುಮಾರಿಗೆ. ಅದರ ಬೆನ್ನಿಗೇ ತಲಕಾಡಿನಲ್ಲಿ ಕೀರ್ತಿನಾರಾಯಣ ನಿಂತ. 1117ರಲ್ಲಿ ನಮ್ಮ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಕೀರ್ತಿ, ವಿಜಯ. ದೇವರ ಹೆಸರಿನಲ್ಲೂ ಯುದ್ಧದ ವರದಿ! ಪತ್ರಿಕೆ, ಬಾನುಲಿ ಒಂದೂ ಇಲ್ಲದ ಕಾಲದಲ್ಲಿ ಗೆಲುವಿನ ಸುದ್ದಿ ವರ್ತಕರ ಕೈಯಿಂದ ಕೈಗೆ, ಭಕ್ತರ ಬಾಯಿಂದ ಬಾಯಿಗೆ ಹೋದದ್ದು ಹೀಗೆ.

ತಲಕಾಡಿನ ಕಾಳಗವನ್ನು ಮುಂದೆ ನಿಂತು ನಡೆಸಿದವನು ದಂಡನಾಯಕ ಗಂಗರಾಜ. ಅವನ ಸಂಗತಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಲ್ಲಿದೆ. ಏನು ಬೇಕೋ ಕೇಳು ಎಂದು ದೊರೆ ಹೇಳಿದಾಗ ಅವನು ಊರೊಂದನ್ನು ಕೇಳಿ ಪಡೆದು ಗೊಮ್ಮಟನ ಪೂಜೆಗೆ ಬಿಟ್ಟನಂತೆ. ಬೆಟ್ಟದ ಮೇಲೆ ಗೊಮ್ಮಟನನ್ನು ಬಳಸಿ ನಿಂತಿರುವ ಸುತ್ತಾಲಯವನ್ನು ಕಟ್ಟಿಸಿದವನೂ ಅವನೇ. ಕಾದಿದವನು ದಂಡನಾಯಕ, ನಾಣ್ಯಕ್ಕೆ ಹತ್ತಿದ್ದು ದೊರೆಯ ಬಿರುದು. ಇನ್ನು ದಂಡನಾಯಕನ ಕೈಕೆಳಗೆ ಕತ್ತಿ ಹಿಡಿದವರು? ಅಂಥವರ ಪಾಲಿಗೆ ಬಂದದ್ದು ವೀರಗಲ್ಲು. ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ ಪಾಳುಗುಡಿಯ ಪಕ್ಕದಲ್ಲೋ ಒಂದೆರಡು ಕಣ್ಣಿಗೆ ಬೀಳುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವಿನದರಲ್ಲಿ ಅಪ್ಸರೆಯರು ಸತ್ತ ವೀರನನ್ನು ಕರೆದೊಯ್ಯುತ್ತಿದ್ದಾರೆ, ಮೇಲೆ ಕೈಲಾಸ. ಬರಹವಿರುವ ಕಲ್ಲಾದರೆ ಮೊದಲ ಸಾಲುಗಳು ಆಳುವ ದೊರೆಯ ಬಿರುದುಗಳಿಗೆ ಮೀಸಲು. ಸತ್ತವನ ಹೆಸರು ಕೆಳಗೆಲ್ಲೋ ಬರುತ್ತದೆ, ಎಷ್ಟೋ ಕಡೆ ಆ ಸಾಲೇ ಸವೆದುಹೋಗಿದೆ.

ದೂರದ ಕದನವನ್ನು ಮನೆಯಂಗಳದ ಮನ್ನಣೆಯಾಗಿ ಮಾಡಿಕೊಳ್ಳುವ ವಿದ್ಯೆ ಅಷ್ಟು ಹಳೆಯದು. ದೊರೆಗೆ ಸಾಮಂತರ ಭಯ, ಪ್ರಜೆಗಳ ಭಕ್ತಿ ಇಷ್ಟಿದ್ದರೆ ನಡೆಯುತ್ತಿತ್ತು. ಇಂದಿನ ನಾಯಕರಿಗೆ ಐದು ವರ್ಷಕ್ಕೊಮ್ಮೆ ನಮ್ಮ ಬೆರಳಿನ ಶಾಯಿ ಬೇಕು.

ಬಾನುಲಿಯಲ್ಲಿ ಯಾವ ಪಕ್ಷದ ಮೇಲೂ ಹೆಸರು ಹಿಡಿದು ಹರಿಹಾಯಬಾರದು ಎಂಬ ಹಳೆಯ ಕಟ್ಟಳೆ ಇದೆ. ಪಾಲಿಸುತ್ತೇನೆ. ಯಾರು ಏನು ಹೇಳಿದರು, ಯಾರಿಗೆ ಎಷ್ಟು ಸೀಟು ಬಂತು ಎಂದು ಹೇಳುವುದು ಹರಿಹಾಯುವುದಲ್ಲ ತಾನೆ? ಕೇಳುವವರಿಗೆ ಹಾಗೆ ಕೇಳಿಸಿದರೆ ತಪ್ಪು ಅಂಕಿಗಳದ್ದು.

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಸತ್ತರು. ಅವರಲ್ಲೊಬ್ಬರು ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನವರು. 26ರಂದು ನಮ್ಮ ವಾಯುಪಡೆ ಬಾಲಾಕೋಟ್ ಮೇಲೆ ದಾಳಿ ಮಾಡಿತು. ಮರುದಿನ, ಅಂದರೆ ನಮ್ಮ ಪೈಲಟ್ ಒಬ್ಬರು ಪಾಕಿಸ್ತಾನದ ಕೈಗೆ ಸಿಕ್ಕ ದಿನವೇ, ಬಿ.ಎಸ್. ಯಡಿಯೂರಪ್ಪನವರು ಚಿತ್ರದುರ್ಗದಲ್ಲಿ ಪತ್ರಕರ್ತರ ಮುಂದೆ ಮಾತಾಡಿದರು. ದಾಳಿಯಿಂದ ಎದ್ದಿರುವ ಅಲೆಯಲ್ಲಿ ರಾಜ್ಯದ 28 ಕ್ಷೇತ್ರಗಳ ಪೈಕಿ 22ಕ್ಕಿಂತ ಹೆಚ್ಚು ಗೆಲ್ಲುತ್ತೇವೆ ಎಂಬುದು ಅವರ ಮಾತಿನ ಸಾರ. ಗದ್ದಲವೋ ಗದ್ದಲ. ಗಡಿಯಾಚೆಯ ಆಳುವ ಪಕ್ಷದವರು ಅದನ್ನೇ ಎತ್ತಿ ಆಡಿದರು. ಸೇನೆಯ ಮುಖ್ಯಸ್ಥರಾಗಿದ್ದು ಆಗ ಕೇಂದ್ರದಲ್ಲಿ ಮಂತ್ರಿಯಾಗಿದ್ದ ವಿ.ಕೆ. ಸಿಂಗ್ ಅವರೇ ಬಹಿರಂಗವಾಗಿ ಒಪ್ಪಲಿಲ್ಲ. ನನ್ನ ಮಾತನ್ನು ತಿರುಚಲಾಗಿದೆ ಎಂದು ಯಡಿಯೂರಪ್ಪ ಸಮಜಾಯಿಷಿ ಕೊಟ್ಟರು. ನನ್ನ ಕೇಳಿದರೆ ಅವರದು ದೊಡ್ಡ ಅಪರಾಧವಲ್ಲ. ಎಲ್ಲ ಪಕ್ಷಗಳ ಕಚೇರಿಗಳಲ್ಲೂ ಬಾಗಿಲು ಹಾಕಿಕೊಂಡು ಮಾಡುವ ಲೆಕ್ಕವನ್ನು ಅವರು ಬೀದಿಯಲ್ಲಿ ನಿಂತು ಮಾಡಿದರು. ಮೇ ತಿಂಗಳಲ್ಲಿ ಮತ ಎಣಿಸಿದಾಗ ಬಂದದ್ದು 25. ಅವರ ಅಂದಾಜೇ ಸಣ್ಣದಾಯಿತು.

ಆ ವರ್ಷ ಮಾರ್ಚ್ 9ರಂದು ಚುನಾವಣಾ ಆಯೋಗ ಒಂದು ಸೂಚನೆ ಕಳಿಸಿತ್ತು: ಪ್ರಚಾರದ ಫಲಕಗಳಲ್ಲಿ ಸೈನಿಕರ ಚಿತ್ರ ಹಾಕಬೇಡಿ. 2013ರಲ್ಲೇ ಹೇಳಿದ್ದ ಮಾತು ಅದು, ಮತ್ತೆ ಹೇಳಬೇಕಾಗಿ ಬಂತು. ಚಿತ್ರ ಕೆಳಗಿಳಿಯಿತು, ಭಾಷಣ ಇಳಿಯಲಿಲ್ಲ.

ಆದರೆ 25 ಸ್ಥಾನಗಳೂ ಬಾಲಾಕೋಟ್‌ನಿಂದಲೇ ಬಂದವು ಎನ್ನುವಂತಿಲ್ಲ. ಹಿಂದಿನ 2014ರ ಚುನಾವಣೆಯಲ್ಲಿ, ಯಾವ ದಾಳಿಯೂ ಇಲ್ಲದೆ, ಅದೇ ಪಕ್ಷಕ್ಕೆ 17 ಸ್ಥಾನ ಬಂದಿತ್ತು. 2019ರಲ್ಲಿ ರಾಜ್ಯದಲ್ಲಿದ್ದ ಮೈತ್ರಿ ಸರ್ಕಾರದ ಒಳಜಗಳವನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಯುದ್ಧ ಎಷ್ಟು ಮತ ತಂದಿತು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಇಲ್ಲದ್ದರಿಂದಲೇ ಪ್ರತಿಯೊಬ್ಬ ನಾಯಕನೂ ತನಗೆ ಅನುಕೂಲವಾಗುವಷ್ಟು ತೂಗಿಕೊಳ್ಳುತ್ತಾನೆ.

ಜಾನ್ ಮುಲ್ಲರ್ ಎಂಬ ಅಮೆರಿಕದ ವಿದ್ವಾಂಸರು 1970ರಲ್ಲಿ ಇದನ್ನು ಅಂಕಿಗಳಿಂದ ತೋರಿಸಲು ಹೊರಟರು. ಹೊರದೇಶದೊಡನೆ ಥಟ್ಟನೆ ಏನಾದರೂ ಘಟಿಸಿದರೆ ಜನ ಬಾವುಟದ ಸುತ್ತ ಸೇರುತ್ತಾರೆ, ಅಧ್ಯಕ್ಷನ ಜನಪ್ರಿಯತೆ ಏರುತ್ತದೆ. ಕೆಲವು ಕಾಲದ ಮೇಲೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಏರುವುದನ್ನು ನಾಯಕರು ಚೆನ್ನಾಗಿ ಕಲಿತರು. ಇಳಿಯುವ ಭಾಗವನ್ನು ಓದಿದಂತೆ ಕಾಣೆ. 1991ರಲ್ಲಿ ಕುವೈತ್ ಯುದ್ಧ ಗೆದ್ದಾಗ ಹಿರಿಯ ಬುಷ್ ಅವರನ್ನು ಮೆಚ್ಚಿದವರು ನೂರಕ್ಕೆ 89. ಮರುವರ್ಷದ ನವೆಂಬರ್‌ನಲ್ಲಿ ಅವರೇ ಸೋತು ಮನೆಗೆ ಹೋದರು. ಅರ್ಜೆಂಟೀನಾದ ಕಥೆ ಇದಕ್ಕಿಂತ ಕ್ರೂರ. 1982ರ ಮಾರ್ಚ್ 30ರಂದು ಬ್ಯೂನಸ್ ಐರಿಸ್‌ನ ಮೇ ಚೌಕದ ಸುತ್ತ ಸರ್ಕಾರದ ವಿರುದ್ಧ ಬೀದಿಗಿಳಿದ ಕಾರ್ಮಿಕರನ್ನು ಪೊಲೀಸರು ಬಡಿದರು. ಏಪ್ರಿಲ್ 2ರಂದು ಸೇನೆ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಇಳಿಯಿತು. ಅದೇ ಚೌಕದಲ್ಲಿ ಈಗ ಜನ ಸರ್ವಾಧಿಕಾರಿ ಗಾಲ್ಟಿಯೇರಿಗೆ ಜೈಕಾರ ಹಾಕಿದರು. ನಡುವೆ ಕಳೆದದ್ದು ಮೂರೇ ದಿನ. ಜೂನ್ 14ಕ್ಕೆ ಸೋಲಾಯಿತು, ಅದೇ ವಾರದಲ್ಲಿ ಗಾಲ್ಟಿಯೇರಿಯ ಗಾದಿ ಹೋಯಿತು. ಗೆದ್ದ ಮಾರ್ಗರೆಟ್ ಥ್ಯಾಚರ್ ಮರುವರ್ಷ 397 ಸ್ಥಾನ ಪಡೆದರು. ಎರಡೂ ಕಡೆ ಸೇರಿ ಸತ್ತವರು ಒಂಬೈನೂರಕ್ಕೆ ಹತ್ತಿರ.

ಈಚಿನದು ನಿಮಗೆ ಗೊತ್ತೇ ಇದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ನಡೆದ ನಾಲ್ಕು ದಿನದ ಕಾದಾಟದ ಮೇಲೆ ಇಲ್ಲಿ ತಿರಂಗಾ ಯಾತ್ರೆಗಳು ನಡೆದವು. ಅಲ್ಲಿ ಸೇನಾ ಮುಖ್ಯಸ್ಥ ಅಸೀಂ ಮುನೀರ್ ಫೀಲ್ಡ್ ಮಾರ್ಷಲ್ ಆದರು. ಒಂದೇ ಕಾದಾಟ, ಎರಡು ವಿಜಯೋತ್ಸವ.

ಈಗ ನಮ್ಮ ಜಿಲ್ಲೆಗೆ ಬರೋಣ. 1971ರ ಡಿಸೆಂಬರ್ 3ರ ನಡುರಾತ್ರಿ ಕಳೆದ ಮೇಲೆ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಮಾತಾಡಿ ಯುದ್ಧದ ಸುದ್ದಿ ಕೊಟ್ಟರು. ಹದಿಮೂರು ದಿನಗಳಲ್ಲಿ ಢಾಕಾ ಶರಣಾಯಿತು. 1972ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆಗೆ ಚುನಾವಣೆ. ದೇವರಾಜ ಅರಸರ ಮುಂದಾಳ್ತನದಲ್ಲಿ ಇಂದಿರಾ ಅವರ ಪಕ್ಷಕ್ಕೆ 216ರಲ್ಲಿ 165 ಸ್ಥಾನ. ಯುದ್ಧಕ್ಕಿಂತ ಮೊದಲೇ, 1971ರ ಮಾರ್ಚ್‌ನ ಲೋಕಸಭಾ ಚುನಾವಣೆಯಲ್ಲಿ, ಬಡತನ ತೊಲಗಿಸುವ ಮಾತಿಗೆ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಇಂದಿರಾ ಅವರಿಗೇ ಬಂದಿದ್ದವು ಎಂಬುದನ್ನೂ ಮರೆಯಬಾರದು. ಇಂಥ ಪ್ರವಾಹದಲ್ಲೂ ಹೊಳೆನರಸೀಪುರ ಎದುರು ಪಾಳೆಯದ ಎಚ್.ಡಿ. ದೇವೇಗೌಡರನ್ನೇ ಗೆಲ್ಲಿಸಿ ಕಳಿಸಿತು, ಅವರು ವಿರೋಧ ಪಕ್ಷದ ನಾಯಕರಾದರು.

1999ರಲ್ಲಿ ಮೇ ತಿಂಗಳಿಂದ ಜುಲೈವರೆಗೆ ಕಾರ್ಗಿಲ್. ನಮ್ಮ 527 ಯೋಧರು ಸತ್ತ ಯುದ್ಧ ಅದು, ಟೀವಿಯಲ್ಲಿ ದೇಶ ಕಂಡ ತನ್ನ ಮೊದಲ ಯುದ್ಧ. ಏಪ್ರಿಲ್ 17ರಂದು ಒಂದೇ ಮತದಿಂದ ಬಿದ್ದಿದ್ದ ವಾಜಪೇಯಿ ಸರ್ಕಾರ ಚುನಾವಣೆಗೆ ಹೊರಟದ್ದು ಆ ಗೆಲುವಿನ ಬೆನ್ನಿಗೆ. ಫಲ? ಅವರ ಪಕ್ಷಕ್ಕೆ 1998ರಲ್ಲಿ 182, 1999ರಲ್ಲೂ 182. ಮಿತ್ರಪಕ್ಷಗಳ ಬಲದಿಂದ ಸರ್ಕಾರ ನಿಂತಿತು. ಕರ್ನಾಟಕದಲ್ಲಂತೂ 13 ಇದ್ದದ್ದು 7ಕ್ಕೆ ಇಳಿಯಿತು; ಕಾಂಗ್ರೆಸ್ 9ರಿಂದ 18ಕ್ಕೆ ಏರಿತು, ಜೊತೆಗೇ ನಡೆದ ವಿಧಾನಸಭಾ ಚುನಾವಣೆಯನ್ನೂ ಗೆದ್ದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಟೈಗರ್ ಹಿಲ್ ಗೆದ್ದ ಸಂತೋಷ ಇಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಮತ ಹಾಕುವಾಗ ಜನರ ಕಣ್ಣು ಇದ್ದದ್ದು ರಾಜ್ಯದ ಆಡಳಿತದ ಮೇಲೆ, ಹೋಳಾದ ಜನತಾ ದಳದ ಮೇಲೆ. 2019ರಲ್ಲೂ ನೋಡಿ: ರಾಜ್ಯದ 25 ಕ್ಷೇತ್ರಗಳನ್ನು ಆಡಿಸಿದ ಅಲೆ ಹಾಸನದಲ್ಲಿ ನಿಂತಿತು. ಅರಕಲಗೂಡಿನ ಎ. ಮಂಜು ಪಕ್ಷ ಬದಲಿಸಿ ಅಲೆಯ ಕಡೆಯಿಂದಲೇ ಸ್ಪರ್ಧಿಸಿದರೂ ಒಂದು ಲಕ್ಷಕ್ಕೂ ಮಿಕ್ಕ ಮತಗಳಿಂದ ಸೋತರು.

ಇದನ್ನು ಹಾಸನದವರ ವಿವೇಕ ಎಂದು ಬೆನ್ನು ತಟ್ಟಿಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಮತ ಬೀಳುವುದು ಜಾತಿಗೆ, ಮನೆತನಕ್ಕೆ, ಹೇಮಾವತಿಯ ನಾಲೆಗೆ, ಯಾರ ಮನೆಯ ತಿಥಿಗೆ ಯಾರು ಬಂದರು ಎಂಬುದಕ್ಕೆ. ಗಡಿಯ ಗುಡುಗು ಇಷ್ಟನ್ನೆಲ್ಲ ದಾಟಿ ಮತಗಟ್ಟೆ ಮುಟ್ಟಬೇಕು. ಅದು ಒಳ್ಳೆಯದೋ ಕೆಟ್ಟದ್ದೋ, ದಾರಿಯಂತೂ ಉದ್ದ.

ಹೊಲದ ಲೆಕ್ಕವೂ ಇದೆ. ಹಾಸನದ ಎಪಿಎಂಸಿ ಅಂಗಳಕ್ಕೆ ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ಗೋಣಿಯ ಹೊಲಿಗೆ ಬಿಚ್ಚಿ, ಒಂದು ಗೆಡ್ಡೆಯನ್ನು ಕುಡುಗೋಲಿನಿಂದ ಸೀಳಿ, ಒಳಗೆ ಕಪ್ಪು ಸುತ್ತಿದೆಯೇ ಎಂದು ನೋಡಿ, ಮೂಗಿಗೆ ಹಿಡಿದು, ಆಮೇಲೆ ರೇಟು ಕೇಳುವ ರೈತರು ಅಲ್ಲಿ ಸಿಗುತ್ತಾರೆ. ಅಂಗಮಾರಿ ರೋಗಕ್ಕೆ ಸೋತು ಎಷ್ಟೋ ಜನ ಮುಸುಕಿನ ಜೋಳಕ್ಕೆ ಹೊರಳಿದ್ದಾರೆ. ಉಳಿದವರು ಆ ಗೆಡ್ಡೆಯನ್ನು ನೋಡುವ ಎಚ್ಚರದಿಂದ ಭಾಷಣಗಳನ್ನೂ ಕೇಳಿದರೆ ನಮಗೆ ಬೇರೆ ರಾಜ್ಯಶಾಸ್ತ್ರ ಬೇಕಿಲ್ಲ. ಆಲೂಗಡ್ಡೆಯ ಮಾತು ಬಂತೆಂದು ಈರುಳ್ಳಿಯದನ್ನೂ ಹೇಳುತ್ತೇನೆ. 1998ರ ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ಅಣುಬಾಂಬ್ ಸಿಡಿಯಿತು. ದೇಶವೆಲ್ಲ ಹಿಗ್ಗಿತು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿ, ರಾಜಸ್ಥಾನಗಳಲ್ಲಿ ಚುನಾವಣೆ; ಈರುಳ್ಳಿ ಬೆಲೆ ಆಕಾಶಕ್ಕೇರಿತ್ತು. ಬಾಂಬ್ ಸಿಡಿಸಿದ ಪಕ್ಷ ಎರಡೂ ಕಡೆ ಸೋತಿತು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ತಂಬಾಕು ಬೆಳೆಯುವವರನ್ನು ಕೇಳಿ, ವಿದೇಶದ ಯುದ್ಧ ಎಂದರೇನು ಎಂದು. ಭಾರತಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರವೆಲ್ಲ ಹೊರಗಿನಿಂದ ಬರಬೇಕು, ಅದರಲ್ಲಿ ರಷ್ಯಾ, ಬೆಲಾರುಸ್‌ಗಳ ಪಾಲು ದೊಡ್ಡದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋದಾಗ ಮಾಸ್ಕೋದಲ್ಲಿ ಯಾರ ಜನಪ್ರಿಯತೆ ಎಷ್ಟು ಏರಿತೋ, ಇಲ್ಲಿ ಏರಿದ್ದು ಪೊಟ್ಯಾಷ್ ಚೀಲದ ಬೆಲೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಗುಡುಗದವರಿಗೆ ಏನು ಸಿಗುತ್ತದೆ?

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದರು. ಹದಿಮೂರು ಪಕ್ಷಗಳ ಕೂಟ, ಹೊರಗಿನಿಂದ ಕಾಂಗ್ರೆಸ್ ಬೆಂಬಲ, ಉತ್ತರ ಭಾರತದಲ್ಲಿ ಸ್ವಂತ ಮತವೇ ಇಲ್ಲದ ನಾಯಕ. ಇಂಥ ಬಲಹೀನ ಸರ್ಕಾರಕ್ಕೆ ಗಡಿಯಲ್ಲೊಂದು ಕಿಡಿ ಹಾರಲಿ ಎನಿಸಿದ್ದರೆ ಆಶ್ಚರ್ಯವಿರಲಿಲ್ಲ. ನಡೆದದ್ದು ಬೇರೆ. ಆ ಸೆಪ್ಟೆಂಬರ್‌ನಲ್ಲಿ, 1987ರ ಅನಂತರ ಮೊದಲ ಬಾರಿಗೆ, ಜಮ್ಮು ಕಾಶ್ಮೀರದ ವಿಧಾನಸಭೆಗೆ ಚುನಾವಣೆ ಆಯಿತು. ನವೆಂಬರ್ 29ರಂದು ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ದೆಹಲಿಗೆ ಬಂದಾಗ ಗಡಿಯ ಬಗ್ಗೆ ಒಂದು ಒಪ್ಪಂದವಾಯಿತು. ಡಿಸೆಂಬರ್ 12ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೊಡನೆ ದೇವೇಗೌಡರು ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಮೆತ್ತಗಿದ್ದರು ಎಂದಲ್ಲ, ಅಣುಪರೀಕ್ಷೆ ನಿಷೇಧದ ಜಾಗತಿಕ ಒಪ್ಪಂದಕ್ಕೆ ಆಗ ಸಹಿ ಹಾಕುವುದಿಲ್ಲ ಎಂದದ್ದೂ ಇದೇ ಸರ್ಕಾರ. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಅವರ ಪಾಲೂ ಇದರಲ್ಲಿ ದೊಡ್ಡದು, ಎಲ್ಲವನ್ನೂ ನಮ್ಮೂರಿನವರ ಖಾತೆಗೆ ಹಾಕಿಕೊಳ್ಳುವುದು ಸರಿಯಲ್ಲ.

ಚೀನಾ ಒಪ್ಪಂದದ ಆರನೆಯ ವಿಧಿ ನೋಡಿ. ಗಡಿರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸಬಾರದು, ಸ್ಫೋಟಕ ಸಿಡಿಸಬಾರದು, ಕೋವಿ ಹಿಡಿದು ಬೇಟೆಯನ್ನೂ ಆಡಬಾರದು. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತಾಗ ಕೋವಿ ಏಕೆ ಬಳಸಲಿಲ್ಲ ಎಂಬ ಪ್ರಶ್ನೆ ಎದ್ದಿತು. ವಿದೇಶಾಂಗ ಮಂತ್ರಿ ಜೈಶಂಕರ್ ಉತ್ತರದಲ್ಲಿ ಹೆಸರಿಸಿದ್ದು ಈ 1996ರ ಒಪ್ಪಂದವನ್ನೂ 2005ರ ಇನ್ನೊಂದನ್ನೂ. ಅದು ಯೋಧರ ಕೈ ಕಟ್ಟಿತು ಎನ್ನುವವರಿದ್ದಾರೆ. ಎರಡು ಅಣ್ವಸ್ತ್ರ ದೇಶಗಳ ನಡುವಿನ ಹೊಡೆದಾಟ ಯುದ್ಧವಾಗದಂತೆ ತಡೆಯಿತು ಎನ್ನುವವರಿದ್ದಾರೆ. ನಾನು ಎರಡನೆಯವರ ಕಡೆ. ಹಾಗೆಂದು ಆ 20 ಮನೆಗಳ ಮುಂದೆ ನಿಂತು ಇದನ್ನು ಹೇಳುವ ಧೈರ್ಯ ನನಗಿಲ್ಲ.

ಇಷ್ಟಕ್ಕೆ ದೇವೇಗೌಡರಿಗೆ ಎಷ್ಟು ಮತ ಬಂತು? ಕಾಂಗ್ರೆಸ್ ಬೆಂಬಲ ಹಿಂತೆಗೆದು 1997ರ ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು. 1998ರಲ್ಲಿ ಹಾಸನ ಅವರನ್ನು ಕೈಹಿಡಿಯಿತು. 1999ರಲ್ಲಿ ಅದೇ ಹಾಸನ ಜಿ. ಪುಟ್ಟಸ್ವಾಮಿಗೌಡರನ್ನು ಗೆಲ್ಲಿಸಿ ಮಾಜಿ ಪ್ರಧಾನಿಯನ್ನು ಸೋಲಿಸಿತು. ಗಂಗಾ ನೀರು, ಗಡಿರೇಖೆ ಎಂಬ ಶಬ್ದಗಳು ನಮ್ಮ ಕಡೆಯ ಪ್ರಚಾರದಲ್ಲಿ ಲೆಕ್ಕಕ್ಕೇ ಬರಲಿಲ್ಲ. ಯುದ್ಧಕ್ಕಾದರೆ ಒಂದು ಹೆಸರಿರುತ್ತದೆ, ಒಂದು ದಿನಾಚರಣೆ ಇರುತ್ತದೆ, ಬಸ್ ನಿಲ್ದಾಣದಲ್ಲೊಂದು ಫಲಕ ಇರುತ್ತದೆ. ನಡೆಯದೆ ಹೋದ ಯುದ್ಧಕ್ಕೆ ಯಾರು ಹಾರ ಹಾಕುತ್ತಾರೆ?

ಇಲ್ಲೊಂದು ವಿಚಿತ್ರವನ್ನು ಬಿಡಲಾರೆ. ಗಂಗೆಯ ವಿಷಯದಲ್ಲಿ ಕೆಳಗಿನವರಿಗೆ ನೀರು ಬರೆದುಕೊಟ್ಟ ಅದೇ ಹಿರಿಯರು ಕಾವೇರಿಯ ವಿಷಯದಲ್ಲಿ ಕೆಳಗಿನವರಿಗೆ ಸೊಪ್ಪು ಹಾಕಿದವರಲ್ಲ. 2016ರ ಅಕ್ಟೋಬರ್ 1ರಂದು, 83ರ ವಯಸ್ಸಿನಲ್ಲಿ, ವಿಧಾನಸೌಧದ ಬಳಿ ಉಪವಾಸ ಕೂತರು. ತಪ್ಪೆನ್ನುತ್ತಿಲ್ಲ, ಹೇಮಾವತಿ ದಂಡೆಯವರು ಇನ್ನೇನು ಮಾಡಬೇಕಿತ್ತು? ಆದರೆ ತಮಿಳುನಾಡು ವಿದೇಶವಲ್ಲದಿದ್ದರೂ ಆಟದ ನಿಯಮ ಅದೇ. 1991ರಲ್ಲಿ ಬಂಗಾರಪ್ಪನವರು ನ್ಯಾಯಮಂಡಳಿಯ ಮಧ್ಯಂತರ ತೀರ್ಪಿಗೆ ಎದುರಾಗಿ ಸುಗ್ರೀವಾಜ್ಞೆ ಹೊರಡಿಸಿದಾಗ ಹಳೆ ಮೈಸೂರಿನವರು ಕೊಂಡಾಡಿದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆಗಳು ಉರಿದವು, ಮರುವರ್ಷದ ನವೆಂಬರ್‌ಗೆ ಬಂಗಾರಪ್ಪನವರ ಕುರ್ಚಿ ಹೋಯಿತು. ಎಸ್.ಎಂ. ಕೃಷ್ಣ 2002ರಲ್ಲಿ ಕಾವೇರಿಗಾಗಿ ಪಾದಯಾತ್ರೆ ಮಾಡಿದರು. 2004ರಲ್ಲಿ ಅವರ ಪಕ್ಷ 65 ಸ್ಥಾನಕ್ಕೆ ಇಳಿಯಿತು. ನೆರೆಯವರ ಮೇಲಿನ ಸಿಟ್ಟು ಜನರನ್ನು ಬೇಗ ಸೇರಿಸುತ್ತದೆ, ಕೈಯಲ್ಲಿ ಹಿಡಿದು ನಿಲ್ಲಿಸಿಕೊಳ್ಳಲು ಬರುವುದಿಲ್ಲ.

ಗಂಗಾ ಒಪ್ಪಂದದ ಅವಧಿ ಮೂವತ್ತು ವರ್ಷ. ಜನವರಿ 1ರಿಂದ ಮೇ 31ರವರೆಗೆ, ಹತ್ತು ಹತ್ತು ದಿನದ ಲೆಕ್ಕದಲ್ಲಿ, ಗಂಗೆಯ ಫರಕ್ಕಾ ಬ್ಯಾರೇಜಿನಲ್ಲಿ ನೀರು ಅಳೆದು ಹಂಚಬೇಕು. 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. ಎರಡೂ ದೇಶಗಳ ಎಂಜಿನಿಯರುಗಳು ನದಿಗಿಳಿದು ಈ ಕೆಲಸ ಮಾಡುತ್ತ ಬಂದಿದ್ದಾರೆ. ಸಹಿ ಹಾಕಿದ ಇಬ್ಬರಲ್ಲಿ ಶೇಖ್ ಹಸೀನಾ 2024ರ ಆಗಸ್ಟ್‌ನಲ್ಲಿ ಅಧಿಕಾರ ಕಳೆದುಕೊಂಡು ಭಾರತಕ್ಕೇ ಬಂದು ಸೇರಿದರು. ಅಲ್ಲಿ ಭಾರತವನ್ನು ಬೈದರೆ ಚಪ್ಪಾಳೆ, ಇಲ್ಲಿ ಬಾಂಗ್ಲಾದವರನ್ನು ಬೈದರೆ ಚಪ್ಪಾಳೆ. 2026ರ ಡಿಸೆಂಬರ್‌ಗೆ ಮೂವತ್ತು ವರ್ಷ ತುಂಬುತ್ತದೆ. ಒಪ್ಪಂದ ಮುಂದುವರಿಯಬೇಕಾದರೆ ಇಬ್ಬರು ನಾಯಕರು ತಮಗೆ ಒಂದು ಮತವನ್ನೂ ತರದ ಕಾಗದಕ್ಕೆ ಸಹಿ ಹಾಕಬೇಕು.